ನರೆಗೂದಲಿನಲ್ಲಿ ದೊರೆತ ರನ್ನ

ಮುಧೋಳದ ಕವಿ ಎಂದೊಡನೆ ನಮ್ಮ ಸೀಮೆಯವರ ನಾಲಗೆಗೆ ಬರುವುದು ‘ಗದಾಯುದ್ಧ’. ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಗಳ ಕಡೆ ಓದಿ ಬೆಳೆದವರಿಗೆ ರನ್ನನೆಂದರೆ ಭೀಮ-ದುರ್ಯೋಧನರ ಆರ್ಭಟವೇ. ಆತನ ‘ಅಜಿತಪುರಾಣ’ವನ್ನು ಆದ್ಯಂತ ಓದುವ ಯೋಗ ನನಗೆ ಒದಗಿದ್ದು ಕೂದಲು ನರೆತ ಮೇಲೆ.

ಕ್ರಿ.ಶ. 993ರಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯ ಅಪೇಕ್ಷೆಯಂತೆ ರಚಿತವಾದ ಈ ಚಂಪು 12 ಆಶ್ವಾಸಗಳದು. ಎರಡನೆಯ ತೀರ್ಥಂಕರರ ಚರಿತೆ. ಪುರಾಣದ ಚೌಕಟ್ಟು ಬಿಗಿಯಾದುದು. ಅಲ್ಲಲ್ಲಿ ಓದು ಭಾರವಾಗುವುದೂ ಉಂಟು. ಆದರೆ ಸಗರ ಚಕ್ರವರ್ತಿಯ ಭಾಗಕ್ಕೆ ಬಂದಾಗ ನಾನು ಪುಟ ಮಗುಚುವುದನ್ನೇ ಮರೆತೆ. 60,000 ಮಕ್ಕಳ ಸಾವಿನ ಸುದ್ದಿ ಕೇಳುವ ಸಗರ, ರಣಭೂಮಿಯಲ್ಲಿ ಮಗ ಲಕ್ಷಣಕುಮಾರನ ಹೆಣದ ಮುಂದೆ ನಿಲ್ಲುವ ದುರ್ಯೋಧನ: ಇಬ್ಬರೂ ಒಬ್ಬನೇ ಕವಿ ಕಡೆದ ತಂದೆಯರು. ಒಬ್ಬನ ಶೋಕ ವೈರಾಗ್ಯಕ್ಕೆ ತಿರುಗುತ್ತದೆ, ಇನ್ನೊಬ್ಬನದು ಛಲಕ್ಕೆ. ಎರಡನ್ನೂ ಬಲ್ಲವನಿಗೇ ಗದಾಯುದ್ಧದ ಕರುಣೆಯ ಆಳ ತಿಳಿದೀತು ಎಂದು ಈಗ ನನಗೆ ಅನಿಸುತ್ತದೆ.

ಮೊದಲ ಆಶ್ವಾಸವನ್ನು ಆಶ್ರಯದಾತೆಯ ಹೊಗಳಿಕೆಯೆಂದು ಹಾರಿಸಿ ಓದುವವರಿದ್ದಾರೆ. ಹಾಗೆ ಮಾಡಲಾಗದು. ಪತಿ ನಾಗದೇವನು ಮಡಿದಾಗ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅಕ್ಕ ಅತ್ತಿಮಬ್ಬೆ ಮಗನಿಗಾಗಿ, ವ್ರತಕ್ಕಾಗಿ ಬದುಕಿದಳು. ಉಳಿದವಳ ದುಃಖವೇ ಕಾವ್ಯದ ಬಾಗಿಲಲ್ಲಿ ನಿಂತಿದೆ. ಬಳೆಗಾರರ ಮನೆಯಲ್ಲಿ ಹುಟ್ಟಿದ ಕವಿ ತನ್ನ ಮಗಳಿಗೆ ಅತ್ತಿಮಬ್ಬೆಯೆಂದೇ ಹೆಸರಿಟ್ಟದ್ದು ಬರಿಯ ಉಪಚಾರವಲ್ಲ.

‘ಪರಶುರಾಮಚರಿತ’, ‘ಚಕ್ರೇಶ್ವರಚರಿತ’ಗಳು ಹೆಸರಾಗಿಯಷ್ಟೇ ಉಳಿದಿವೆ. ಪೊನ್ನನ ‘ಶಾಂತಿಪುರಾಣ’ಕ್ಕೆ ಸಾವಿರ ಪ್ರತಿ ಮಾಡಿಸಿದ ಆ ತಾಯಿಯ ಕೈ ಇವುಗಳಿಗೂ ತಾಗಿದ್ದರೆ! ಸದ್ಯ ‘ಅಜಿತಪುರಾಣ’ದ ಎರಡನೆಯ ಓದು ನಡೆದಿದೆ.