ಕುಣಿದರ ಹೊಟ್ಟಿ ತುಂಬತೈತೇನು?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಬೆಳಿಗ್ಗೆ ರಟ್ಟೀಹಳ್ಳಿಯ ನಮ್ಮ ಮನೆಯಲ್ಲಿ ಪೇಢೆ ಹಂಚಿದೆವು. ಸಂಜೆಗೆ ಜಗಳ. ‘ಅಪ್ಪಾ, ನಾ ಸೈನ್ಸ್ ತಗೊಳ್ಳಂಗಿಲ್ಲ. ಡಾನ್ಸ್ ಕಲೀತೀನಿ’ ಅಂದಳು ಮಗಳು. ಅವಳ ಕೈಯಲ್ಲಿದ್ದ ಫೋನಿನಲ್ಲಿ ಸ್ಪೇನ್ ದೇಶದ ಫ್ಲಮೆಂಕೊ ನರ್ತಕಿಯೊಬ್ಬಳು ಹಿಮ್ಮಡಿಯಿಂದ ಹಲಗೆ ಬಡಿಯುತ್ತಿದ್ದಳು. ‘ಕುಣಿದರ ಹೊಟ್ಟಿ ತುಂಬತೈತೇನು?’ ಎಂದು ಗದರಿದೆ. ಅವಳು ಉಣ್ಣದೆ ಮಲಗಿದಳು.

ನನಗೂ ನಿದ್ದೆ ಬರಲಿಲ್ಲ. ಬಯಲಾಟದ ಸೀಮೆ ನಮ್ಮದು. ರಾತ್ರಿಯಿಡೀ ಕೂತು ಆಟ ನೋಡಿ ಶಹಬ್ಬಾಸ್ ಎಂದವನು ನಾನು. ಕುಣಿಯುವವರು ಮಾತ್ರ ಬೇರೆಯವರ ಮಕ್ಕಳಾಗಿರಬೇಕು!

ಮರುದಿನ ಅವಳ ಪಕ್ಕ ಕೂತು ನೋಡಿದೆ. ಫ್ಲಮೆಂಕೊದಲ್ಲಿ ಹಾಡು, ಗಿಟಾರು, ಚಪ್ಪಾಳೆ, ಹೆಜ್ಜೆ ಎಲ್ಲವೂ ಒಂದೇ ಲೆಕ್ಕಕ್ಕೆ ಕೂಡಬೇಕು. ಅದರ ಹಲವು ಪ್ರಕಾರಗಳು 12 ಮಾತ್ರೆಗಳ ಆವರ್ತದಲ್ಲಿ ಸುತ್ತುತ್ತವೆ. ‘ನಮ್ಮ ಕಥಕ್‌ನಾಗ ತೀನ್‌ತಾಲಕ್ಕ 16 ಮಾತ್ರೆ’ ಎಂದು ಮಗಳು ತೊಡೆ ತಟ್ಟಿ ತೋರಿಸಿದಳು. ಗಣಿತದಲ್ಲಿ ಅಂಕ ಕಡಿಮೆ ಬಂತೆಂದು ನಾನು ಗೊಣಗಿದ್ದ ಹುಡುಗಿ ಒಂದು ಮಾತ್ರೆಯೂ ತಪ್ಪಲಿಲ್ಲ.

ಆ ನೆಪದಲ್ಲಿ ಒಂದಿಷ್ಟು ಓದಿದೆ. ಸ್ಪೇನಿನ ಆಂತೊನಿಯೊ ಗಾದೆಸ್ (1936–2004) ಬಡವರ ಮನೆಯ ಹುಡುಗ. ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ದುಡಿಯಲು ಹೋದವನು, ನರ್ತಕನಾಗಿ, ನೃತ್ಯ ಸಂಯೋಜಕನಾಗಿ ಬೆಳೆದು 1978ರಲ್ಲಿ ಆ ದೇಶದ ರಾಷ್ಟ್ರೀಯ ನೃತ್ಯ ತಂಡದ ಮೊದಲ ನಿರ್ದೇಶಕನಾದ.

ಅಷ್ಟು ದೂರವೇಕೆ? ನಮ್ಮ ಮಾಯಾ ರಾವ್ 1928ರಲ್ಲಿ ಬೆಂಗಳೂರಿನ ಮಲ್ಲೇಶ್ವರದಲ್ಲಿ ಹುಟ್ಟಿದವರು. ಸಂಭಾವಿತರ ಮನೆಯ ಹೆಣ್ಣುಮಕ್ಕಳು ಕುಣಿಯಬಾರದೆನ್ನುತ್ತಿದ್ದ ಕಾಲದಲ್ಲಿ ಮನೆಗೆ ನೃತ್ಯ ತಂದವರು ಅವರ ತಂದೆಯೇ. ಸೋಹನ್‌ಲಾಲ್ ಅವರಲ್ಲಿ ಕಥಕ್ ಆರಂಭಿಸಿದಾಗ ಆಕೆಗೆ 12 ವರ್ಷ. ಮುಂದೆ ದೆಹಲಿಯಲ್ಲಿ ಶಂಭು ಮಹಾರಾಜರ ಶಿಷ್ಯೆಯಾದರು. 1960ರ ದಶಕದ ಆರಂಭದಲ್ಲಿ ವಿದ್ಯಾರ್ಥಿವೇತನ ಪಡೆದು ಮಾಸ್ಕೋಗೆ ಹೋಗಿ ನೃತ್ಯ ಸಂಯೋಜನೆಯನ್ನೇ ಒಂದು ಶಾಸ್ತ್ರವಾಗಿ ಕಲಿತರು. ಮರಳಿ 1964ರಲ್ಲಿ ದೆಹಲಿಯಲ್ಲಿ ಅದಕ್ಕೆಂದೇ ಶಾಲೆ ತೆರೆದರು. 1987ರಲ್ಲಿ ಅದನ್ನು ಬೆಂಗಳೂರಿಗೆ ತಂದರು. 2014ರಲ್ಲಿ ತೀರಿಕೊಳ್ಳುವವರೆಗೂ ಅವರ ಬದುಕು ನೃತ್ಯವೇ.

ಲೆಕ್ಕ ಹಾಕಿದೆ. 12ನೆಯ ವಯಸ್ಸಿನಲ್ಲಿ ಹಿಡಿದ ದಾರಿ, ಸ್ವಂತ ಶಾಲೆ ತೆರೆಯುವಾಗ 36. ಇಪ್ಪತ್ತನಾಲ್ಕು ವರ್ಷ! ಡಾಕ್ಟರಾಗಲು ಇದರ ಅರ್ಧವೂ ಬೇಡ. ಹೊಟ್ಟೆ ತುಂಬುತ್ತದೋ ಇಲ್ಲವೋ ಎಂಬುದಕ್ಕಿಂತ ಮೊದಲು ನಾನು ಕೇಳಬೇಕಾದ ಪ್ರಶ್ನೆ ಬೇರೆಯಿತ್ತು: ‘ಅಷ್ಟು ವರ್ಷ ದುಡೀತೀಯೇನವ್ವಾ?’

ಕೇಳಿದೆ. ‘ನೀವು ಅಷ್ಟು ವರ್ಷ ತಾಳ್ಕೋತೀರೇನು?’ ಎಂದು ಅವಳು ತಿರುಗಿ ಕೇಳಿದಳು.

ಈಗ ರಾಜಿಯಾಗಿದೆ. ಪಿಯುಸಿ ಕಲಾ ವಿಭಾಗ, ಓದು ಬಿಡುವಂತಿಲ್ಲ. ಪಕ್ಕದ ಹಾನಗಲ್ಲಿನ ಹೆಸರನ್ನು ನಾಡಿಗೆಲ್ಲ ಕೇಳಿಸಿದ ಗಂಗೂಬಾಯಿಯವರ ಹೆಸರಿನಲ್ಲೇ ಮೈಸೂರಿನಲ್ಲಿ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವಿದೆ. ಮುಂದೆ ನೃತ್ಯದಲ್ಲೇ ಪದವಿ ಮಾಡಬಹುದು. ಅಲ್ಲಿಯವರೆಗೆ ಪ್ರತಿ ಭಾನುವಾರ ದಾವಣಗೆರೆಯಲ್ಲಿ ಪಾಠ.

ಬಸ್ಸಿನಲ್ಲಿ ಅವಳ ಬೆರಳು ಮುಂದಿನ ಸೀಟಿನ ಕಂಬಿಯ ಮೇಲೆ ತಾಳ ಹಾಕುತ್ತಿರುತ್ತದೆ. ಗೆಜ್ಜೆಯ ಚೀಲ ನನ್ನ ತೊಡೆಯ ಮೇಲಿರುತ್ತದೆ. ಅದು ಇಷ್ಟು ಭಾರ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.