ಒಂದೇ ಮೈ, ನಾಕು ಚೀಟಿ



ಶುಗರ್ ಅಂದ್ರೆ ಶ್ರೀಮಂತರ ಬ್ಯಾನಿ ಅಂತ ನಮ್ಮ ಸಭೆಗಳಲ್ಲೇ ಇನ್ನೂ ಭಾಷಣ ಮಾಡ್ತಾರೆ. ಒಮ್ಮೆ ನಮ್ಮ ಓಣಿಗೆ ಬನ್ನಿ. ಒಂದೇ ಬ್ಯಾನಿ ಇದ್ದವರು ಸಿಗೋದೇ ಕಡಿಮೆ.

ನಮ್ಮ ಅಕ್ಕ ಕಮಲಾಪುರ ತಾಲೂಕಿನಲ್ಲಿ ಕೂಲಿ ಮಾಡ್ತಾಳೆ. ಶುಗರ್‌ಗೆ ಒಂದು ಚೀಟಿ, ಬೀಪಿಗೆ ಒಂದು, ಕೆಮ್ಮಿಗೆ ಒಂದು, ಕಣ್ಣಿಗೆ ಒಂದು. ಒಂದೊಂದಕ್ಕೂ ಬೇರೆ ದಿನ, ಬೇರೆ ಸಾಲು. ಬಸ್ ಪುಕ್ಕಟೆ ಆಗೈತಿ, ಕೂಲಿ ಆಗಿಲ್ಲ. ಎರಡು ವರ್ಷ ಯಾರೂ ಆ ನಾಕೂ ಚೀಟಿ ಒಟ್ಟಿಗೆ ನೋಡಲಿಲ್ಲ. ಕೊನೆಗೆ ಒಬ್ಬ ಸಣ್ಣ ವಯಸ್ಸಿನ ಡಾಕ್ಟರಮ್ಮ ಎಲ್ಲ ಟೇಬಲ್ ಮೇಲೆ ಹರಡಿ, ಅಕ್ಕನ ಸೆರಗಿನ ಗಂಟಿನಲ್ಲಿದ್ದ ಗುಳಿಗೆ ತೋರಿಸಿ, "ಇದು ಯಾರು ಬರೆದಿದ್ದು?" ಅಂದರು.

"ಯಾರೂ ಬರದಿಲ್ರಿ. ಮೆಡಿಕಲ್‌ನ್ಯಾಗ ತಗೋತೀನಿ. ಅದು ನುಂಗ್ಲಿಲ್ಲಂದ್ರ ಕಳೆ ತೆಗೀಲಾಕ ಕುಂದರ್ಲಾಕ ಆಗಂಗಿಲ್ರಿ."

ಮೊಣಕಾಲು ನೋವಿನ ಗುಳಿಗೆ. ದಿನಾ ಎರಡು. ರಕ್ತ ಪರೀಕ್ಷೆ ಮಾಡಿಸಿದಾಗ ಕಿಡ್ನಿ ಅರ್ಧ ಸೋತಿತ್ತು.

ಇವು ಒಂದರ ಬೆನ್ನಿಗೆ ಒಂದು ಬರ್ತಾವೆ. ಶುಗರ್, ಬೀಪಿ ಎರಡೂ ಕಿಡ್ನಿಯ ಸಣ್ಣ ರಕ್ತನಾಳ ಹಾಳು ಮಾಡ್ತಾವೆ. ಕಿಡ್ನಿ ಕೆಟ್ಟರೆ ಬೀಪಿ ಮತ್ತೂ ಏರ್ತದೆ. ಅದರ ಮೇಲೆ ನೋವಿನ ಗುಳಿಗೆ ಬಿದ್ದರೆ ಮುಗೀತು. ಶುಗರ್ ಇದ್ದವರಿಗೆ ಟಿಬಿ ಬರುವ ಸಾಧ್ಯತೆ ಎರಡು-ಮೂರು ಪಟ್ಟು ಹೆಚ್ಚು. ಶಹಾಬಾದ ಕಡೆ ಫರ್ಸಿ ಖಣಿಯಲ್ಲಿ ಕಲ್ಲಿನ ಧೂಳು ಕುಡಿದ ಪುಪ್ಪುಸಕ್ಕೂ ಟಿಬಿ ಬೇಗ ಹತ್ತುತ್ತದೆ. ಆ ಖಣಿಗಳಲ್ಲಿ ಯಾರು ದುಡೀತಾರೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಬಡತನ, ತಾರತಮ್ಯ ಇದ್ದಲ್ಲಿ ರೋಗಗಳು ಕೂಡಿಕೊಂಡು ಒಂದನ್ನೊಂದು ಬೆಳೆಸೋದಕ್ಕೆ ಅಮೆರಿಕದ ಮೆರಿಲ್ ಸಿಂಗರ್ 1990ರ ದಶಕದಲ್ಲಿ 'ಸಿಂಡೆಮಿಕ್' ಅಂತ ಹೆಸರಿಟ್ಟರು. ನಮ್ಮ ಓಣಿಗೆ ಹೆಸರು ಗೊತ್ತಿಲ್ಲ, ಅಷ್ಟೇ.

ಜಗತ್ ಸರ್ಕಲ್‌ನಲ್ಲಿ ಬಾಬಾಸಾಹೇಬರಿಗೆ ಹಾರ ಹಾಕ್ತೀವಲ್ಲ, 1948ರಲ್ಲಿ ಸಂವಿಧಾನದ ಕರಡು ಕೈಯಲ್ಲಿದ್ದಾಗಲೇ ಅವರಿಗೆ ಶುಗರ್ ಇತ್ತು, ಕಾಲಿನ ನರಗಳ ನೋವಿತ್ತು. ಆಮೇಲೆ ಕಣ್ಣೂ ಮಂಜಾದವು. ಸ್ವತಃ ಡಾಕ್ಟರ್ ಆಗಿದ್ದ ಮಾಯಿಸಾಹೇಬ್ ಮನೆಯಲ್ಲಿದ್ದರು, ಡಾ. ಮಾಲ್ವಣಕರ್ ನೋಡ್ತಿದ್ದರು. ನಮ್ಮ ಅಕ್ಕಂದಿರಿಗೆ ಯಾರಿದ್ದಾರೆ?

ಟಿಬಿ ಇದ್ದವರಿಗೆ ಶುಗರ್ ನೋಡಬೇಕು, ಶುಗರ್ ಇದ್ದವರಿಗೆ ಕೆಮ್ಮು ವಿಚಾರಿಸಬೇಕು ಅನ್ನೋ ನಿಯಮ ಸರ್ಕಾರದ್ದೇ. ನಾವು ಹೊಸದೇನೂ ಕೇಳ್ತಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಿಂಗಳಿಗೊಂದು ದಿನ, ಅದೂ ಸಂತೆಯ ದಿನ, ಶುಗರ್, ಬೀಪಿ, ಕಫ, ಕಿಡ್ನಿ ಪರೀಕ್ಷೆ ಒಂದೇ ಕಡೆ ಆಗಲಿ. ಎಲ್ಲಾ ಒಂದೇ ಚೀಟಿಯಲ್ಲಿ ಬರೀಲಿ.

ಮನವಿ ಟೈಪ್ ಮಾಡಿಟ್ಟೀನಿ. ಸೋಮವಾರ ಹತ್ತೂವರೆಗೆ ಕಮಲಾಪುರ ತಹಸೀಲ್ದಾರ್ ಕಚೇರಿ ಮುಂದೆ ಸೇರೋಣ. ಮನೆ ಹಿರಿಯರ ಎಲ್ಲ ಚೀಟಿಗಳ ಝೆರಾಕ್ಸ್ ತನ್ನಿ. ಸೆರಗಿನ ಗಂಟಿನಲ್ಲಿರೋ ಗುಳಿಗೆಯ ಹೆಸರೂ ಬರ್ಕೊಂಡು ಬನ್ನಿ.