ಒಳಗಿನ ಚಕ್ರ

ಮಕ್ಕಳ ಉತ್ತರಪತ್ರಿಕೆಗಳನ್ನು 32 ವರ್ಷ ತಿದ್ದಿದವನು ನಾನು. ಪರೀಕ್ಷೆ ಎಂಬ ಮಾತು ನನಗೆ ಹೊಸದಲ್ಲ. ಆದರೂ ಪರೀಕ್ಷೆ ಮಾಡುವುದೆಂದರೆ ಏನೆಂಬುದು ನನಗೆ ಚೆನ್ನಾಗಿ ತಿಳಿದದ್ದು ನಿವೃತ್ತನಾಗಿ, ಸಕಲೇಶಪುರದ ಹತ್ತಿರ ಹೆದ್ದಾರಿಯ ಪಕ್ಕದ ಮನೆಗೆ ಬಂದಮೇಲೆ.

ಮನೆಯ ಎದುರಿಗೆ ಒಂದು ಪಂಕ್ಚರ್ ಅಂಗಡಿ. ಅದಕ್ಕೆ ಅಂಟಿಕೊಂಡು ಒಂದು ಟೀ ಅಂಗಡಿ. ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವ ಲಾರಿಗಳು ಇಲ್ಲಿ ಒಂದು ಗಳಿಗೆ ನಿಲ್ಲುತ್ತವೆ. ಚಾಲಕ ಕೆಳಗಿಳಿದು, ಮೈಮುರಿದು, ಕೈಯಲ್ಲೊಂದು ಕಬ್ಬಿಣದ ರಾಡು ಹಿಡಿದು ಲಾರಿಗೆ ಒಂದು ಸುತ್ತು ಬರುತ್ತಾನೆ. ಒಂದೊಂದು ಟೈರಿಗೂ ಒಂದೊಂದು ಏಟು. ಗಾಳಿ ತುಂಬಿದ ಟೈರು ರಾಡನ್ನು ಪುಟಿಸಿ ಕಳಿಸುತ್ತದೆ. ಗಾಳಿ ಇಳಿದದ್ದು 'ದಪ್' ಎಂದು ಏಟನ್ನು ನುಂಗಿಕೊಳ್ಳುತ್ತದೆ. ನೋಡುವವರಿಗೆ ಇದೊಂದು ಪ್ರದಕ್ಷಿಣೆ. ನನಗೂ ಮೊದಮೊದಲು ಹಾಗೆಯೇ ಕಂಡಿತ್ತು.

"ಅಷ್ಟೇ ಸಾಲದು ಮೇಷ್ಟ್ರೇ" ಎಂದರು ಪಂಕ್ಚರ್ ಅಂಗಡಿಯವರು ಒಂದು ದಿನ. "ಸತ್ತ ಟೈರು ಯಾವುದು ಅಂತ ಸದ್ದು ಹೇಳುತ್ತೆ. ಸಾಯ್ತಾ ಇರೋದು ಯಾವುದು ಅಂತ ಹೇಳಲ್ಲ. ಅದಕ್ಕೆ ಗೇಜೇ ಹಾಕಬೇಕು. ಅದೂ ಟೈರು ತಣ್ಣಗಿದ್ದಾಗ."

ಅವರಿಂದ ನಾನು ಕಲಿತದ್ದು ಬಹಳ. ಲಾರಿಯ ಟೈರಿನಲ್ಲಿ ಸುಮಾರು 100 ಪೌಂಡಿಗೂ ಮೇಲೆ ಗಾಳಿ. ಹೇಳಿದ ಅಳತೆಗಿಂತ ಐದರಲ್ಲಿ ಒಂದು ಭಾಗ ಇಳಿದಿದ್ದರೂ ಬಲ್ಲವರು ಅದನ್ನು ಪಂಕ್ಚರ್ ಆದ ಲೆಕ್ಕಕ್ಕೇ ಸೇರಿಸುತ್ತಾರೆ. ನಡುಭಾಗ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು. ಎರಡು ಅಂಚೂ ಸವೆದಿದ್ದರೆ ಕಡಿಮೆಯಾಗಿತ್ತು. ಒಂದೇ ಅಂಚು ಸವೆದಿದ್ದರೆ ಚಕ್ರದ ನೇರ ತಪ್ಪಿದೆ. ನಟ್ಟಿನ ಬುಡದಿಂದ ತುಕ್ಕಿನ ಗೆರೆ ಇಳಿದಿದ್ದರೆ ನಟ್ಟು ಸಡಿಲವಾಗಿರಬಹುದು. ಬಟನ್ನಿನ ಸಂದಿಯಲ್ಲಿ ಸುಮಾರು 1.6 ಮಿಲಿಮೀಟರ್ ಎತ್ತರದ ಸಣ್ಣ ದಿಬ್ಬಗಳಿರುತ್ತವೆ. ಬಟನ್ ಸವೆದು ಅವುಗಳ ಮಟ್ಟಕ್ಕೆ ಬಂದರೆ ಅದರ ಆಯುಸ್ಸು ತೀರಿತು. ಟೈರಿನ ಪಕ್ಕದಲ್ಲಿ 3521 ಎಂದು ಅಚ್ಚಾಗಿದ್ದರೆ ಅದು ಹುಟ್ಟಿದ್ದು 2021ರ 35ನೆಯ ವಾರದಲ್ಲಿ. ಜಾತಕ ಬರೆದುಕೊಂಡೇ ಹುಟ್ಟುವ ಪ್ರಾಣಿ ಇದೊಂದೇ ಇರಬೇಕು! ಇಷ್ಟು ದೊಡ್ಡ ಲಾರಿಯಲ್ಲಿ ಒಂದೊಂದು ಟೈರು ನೆಲವನ್ನು ಮುಟ್ಟುವ ಜಾಗ ಶಾಲೆಯ ನೋಟ್‌ಪುಸ್ತಕದ ಅಗಲಕ್ಕಿಂತ ಹೆಚ್ಚಿಲ್ಲ. ಅಷ್ಟರ ಮೇಲೆಯೇ ಎಲ್ಲ ಭಾರ.

ಆದರೆ ಎಲ್ಲಕ್ಕಿಂತ ಮೋಸದ್ದು ಒಳಗಿನ ಚಕ್ರ. ಹಿಂದುಗಡೆ ಚಕ್ರಗಳು ಜೋಡಿ ಜೋಡಿಯಾಗಿರುತ್ತವೆ. ಹೊರಗಿನದು ಕಣ್ಣಿಗೆ ಬೀಳುತ್ತದೆ. ಒಳಗಿನದು ನೆರಳಿನಲ್ಲಿ, ಕೆಸರಿನಲ್ಲಿ. ಅದರ ಗಾಳಿ ಇಳಿದರೆ ಲಾರಿ ವಾಲುವುದೂ ಇಲ್ಲ. ಜೊತೆಗಾರ ಮಾತಿಲ್ಲದೆ ಎರಡು ಪಾಲು ಭಾರ ಹೊರುತ್ತಾನೆ. ಗಾಳಿಯಿಲ್ಲದ ಟೈರು ಮಡಿಸಿ ಮಡಿಸಿ ಕಾಯುತ್ತದೆ. ಹೊರೆ ಹೊತ್ತದ್ದೂ ಕಾಯುತ್ತದೆ. ಘಾಟಿ ಇಳಿಯುವಾಗ ಬ್ರೇಕಿನ ಬಿಸಿಯೂ ಬಂದು ಸೇರುತ್ತದೆ. ಕೂಡುಕುಟುಂಬದಲ್ಲಿ ಬೆಳೆದವರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಜುಲೈ ಸಂಜೆ. ಮಳೆ ಹಿಡಿದಿತ್ತು. ಆರು ಚಕ್ರದ ಲಾರಿಯೊಂದು ನಿಂತಿತು. ಚಾಲಕನಿಗೆ ಮೂವತ್ತರ ಆಚೀಚೆ ವಯಸ್ಸು. ರಾಡು ಬಡಿಯುತ್ತ ಬಂದವನು ಎಡಗಡೆಯ ಒಳಚಕ್ರದ ಮುಂದೆ ನಿಂತ. ಮತ್ತೊಮ್ಮೆ ಬಡಿದ. ಗೇಜು ಹಾಕಿಸಿದ, ಇರಬೇಕಾದ್ದರಲ್ಲಿ ಅರ್ಧವೂ ಇರಲಿಲ್ಲ. ಅಷ್ಟರಲ್ಲಿ ಫೋನು ಬಂತು. ಓನರಿನ ದನಿ ಟೀ ಅಂಗಡಿಯವರೆಗೂ ಕೇಳಿಸುತ್ತಿತ್ತು: ಗಾಳಿ ತುಂಬಿಸಿಕೊಂಡು ಇಳಿದುಬಿಡು, ಉಳಿದದ್ದನ್ನು ಕೆಳಗೆ ಹೋಗಿ ನೋಡೋಣ.

ಗಾಳಿ ತುಂಬಲು ಅಂಗಡಿಯವರು ಒಪ್ಪಲಿಲ್ಲ. ಗಾಳಿಯಿಲ್ಲದೆ ಓಡಿದ ಟೈರಿನೊಳಗೆ ಉಕ್ಕಿನ ತಂತಿಗಳು ಮಡಿಸಿ ಮಡಿಸಿ ಮುರಿದಿರುತ್ತವೆ. ಮೇಲೆ ಏನೂ ಕಾಣುವುದಿಲ್ಲ. ಗಾಳಿ ತುಂಬುವಾಗಲೇ ಸಿಡಿದು ತುಂಬುವವನ ಪ್ರಾಣ ತೆಗೆದೀತು.

"ಇಳಿಸಲ್ಲ ಸಾರ್" ಎಂದ ಚಾಲಕ ಫೋನಿಗೆ. ಆ ಕಡೆಯಿಂದ ಮಾತು ಜೋರಾಯಿತು. "ಬಾಟಾದಲ್ಲಿ ಹಿಡ್ಕೊಳ್ಳಿ ಸಾರ್. ಇಳಿಸಲ್ಲ."

ಜಾಕಿ ಕೊಟ್ಟು, ಹೊರಗಿನ ಚಕ್ರ ಬಿಚ್ಚಿ, ಒಳಗಿನದನ್ನು ತೆಗೆದು, ಸ್ಟೆಪ್ನಿ ಹಾಕುವಷ್ಟರಲ್ಲಿ ಒಂದೂವರೆ ಗಂಟೆ. (ಸ್ಟೆಪ್ನಿ ಎಂಬ ಹೆಸರು ವೇಲ್ಸಿನ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಿಂದ ಬಂದದ್ದಂತೆ. ಆ ಬೀದಿಯನ್ನು ಅಲ್ಲಿಯವರಿಗಿಂತ ಹೆಚ್ಚಾಗಿ ನೆನೆಯುವವರು ನಮ್ಮ ಚಾಲಕರೇ!) ತೆಗೆದ ಟೈರಿನೊಳಗೆ ಕೈಯಾಡಿಸಿದರೆ ಕಾಫಿಪುಡಿಯಂತೆ ರಬ್ಬರಿನ ಪುಡಿ. ಅಂಗಡಿಯವರು ಅದನ್ನು ನನಗೆ ತೋರಿಸಿದರು; ಏನೂ ಹೇಳಲಿಲ್ಲ.

ಚಾಲಕ ಟೀ ಕುಡಿದು ಹೊರಟ. ಘಾಟಿ ಇಳಿದ. ಏನೂ ಆಗಲಿಲ್ಲ. ಮರುದಿನದ ಪತ್ರಿಕೆಯಲ್ಲಿ ಏನೂ ಬರಲಿಲ್ಲ. ಟೈರು ಸಿಡಿದು ನಾಲ್ವರು ಸತ್ತರೆ ಅದಕ್ಕೆ ಸುದ್ದಿಯುಂಟು. ಸಿಡಿಯದೆ ಹೋದದ್ದಕ್ಕೆ ಬರೆಯುವವರು ಯಾರು? ಆ ಸಂಜೆ ಎದುರಿನಿಂದ ಘಾಟಿ ಹತ್ತಿ ಬಂದ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದವರಿಗೆ ಇದೊಂದೂ ಗೊತ್ತಿಲ್ಲ. ಲೆಕ್ಕದ ಪುಸ್ತಕದಲ್ಲಿ ಉಳಿದದ್ದು ಒಂದೂವರೆ ಗಂಟೆಯ ನಷ್ಟ. ಚಾಲಕನ ಪಾಲಿಗೆ ಉಳಿದದ್ದು ಕಡಿತವಾದ ಬಾಟಾ.

ಅಂದಿನಿಂದ ನನ್ನನ್ನು ಕಾಡುವುದು ಇದೊಂದೇ ಮಾತು. ಪರೀಕ್ಷೆ ಮಾಡಬೇಕೆಂದು ಎಲ್ಲರೂ ಹೇಳುತ್ತಾರೆ. ಹಳೆಯ ಲಾರಿಗೆ ವರ್ಷಕ್ಕೊಮ್ಮೆ ಎಫ್.ಸಿ. ಆಗಲೇಬೇಕು. ಆಯುಧಪೂಜೆಯ ದಿನ ಪ್ರತಿ ಚಕ್ರಕ್ಕೂ ಕುಂಕುಮ, ಅಡಿಗೊಂದು ನಿಂಬೆಹಣ್ಣು. ಎರಡೂ ಬೇಕಾದವೇ. ಆದರೆ ವರ್ಷದ ಉಳಿದ ದಿನಗಳಲ್ಲಿ ನೋಡುವವನು ರಾಡು ಹಿಡಿದ ಈ ಒಬ್ಬನೇ. ಕಣ್ಣು ಅವನದು, ಕಿವಿ ಅವನದು, ಪ್ರಾಣವೂ ಅವನದೇ. ನಿಲ್ಲಿಸುವ ಅಧಿಕಾರ ಮಾತ್ರ ಇನ್ನೊಬ್ಬರ ಫೋನಿನಲ್ಲಿ. ತಪ್ಪು ಕಂಡರೂ ಅಂಕ ಕಳೆಯಬಾರದು ಎಂದು ಮೇಷ್ಟರಿಗೆ ಹೇಳಿದರೆ ಕೆಂಪು ಶಾಯಿ ಏತಕ್ಕೆ? ದೋಷ ಕಂಡವನ ಕೂಲಿಯನ್ನೇ ಮುರಿದುಕೊಳ್ಳುವ ಲೆಕ್ಕಾಚಾರದಲ್ಲಿ, ನಾಳೆ ಅವನು ರಾಡನ್ನು ಸೀಟಿನ ಕೆಳಗೇ ಬಿಟ್ಟರೆ ಆಶ್ಚರ್ಯವೇನು?

ಲಾರಿ ಇಟ್ಟಿರುವವರು ಓದುಗರಲ್ಲಿ ಇದ್ದರೆ ನನ್ನದೊಂದು ಬಿನ್ನಹ. ಟೈರಿಗಾಗಿ ನಿಂತ ಹೊತ್ತನ್ನು ಬಾಟಾದಲ್ಲಿ ಹಿಡಿಯಬೇಡಿ. ಉಳಿದವರಲ್ಲಿ ಇನ್ನೂ ಸಣ್ಣದು. ಘಾಟಿಯ ತಲೆಯಲ್ಲಿ ಲಾರಿ ನಿಲ್ಲಿಸಿಕೊಂಡು, ಮಳೆಯಲ್ಲಿ ಬಗ್ಗಿ, ಒಳಗಿನ ಚಕ್ರಕ್ಕೆ ಕಿವಿಗೊಟ್ಟವನೊಬ್ಬ ಕಂಡರೆ, ದಾರಿ ಬಿಡಲಿಲ್ಲವೆಂದು ಹಾರನ್ ಒತ್ತಬೇಡಿ. ಅವನಿಗೆ ಆ ಸದ್ದು ಸರಿಯಾಗಿ ಕೇಳಿಸಬೇಕು.